ಬಾರ್ಮೆನ್ ಸಭೆಯ ವಿಗ್ರಹವಾಕ್ಯ

ತರಗತಿಯಲ್ಲಿ ಸಮಾಸ ಪ್ರಕರಣವನ್ನು ಹೇಳುವಾಗ ‘ವಿಗ್ರಹವಾಕ್ಯ’ ಎಂಬ ಮಾತು ಬಾರದೆ ಇರದು. ಕೂಡಿಕೊಂಡ ಪದಗಳನ್ನು ಬಿಡಿಸಿ, ಅವುಗಳ ನಡುವಣ ಸಂಬಂಧ ಎಂಥದು, ಅವುಗಳಲ್ಲಿ ಪ್ರಧಾನವಾದುದು ಯಾವುದು ಎಂದು ತೋರಿಸುವ ವಾಕ್ಯ ಅದು. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸಾರ್, ನಮ್ಮ ಚರ್ಚಿನಲ್ಲಿ ಪಾದ್ರಿ ಅಯ್ಯನವರು ವಿಗ್ರಹ ಬಿಡಿ, ವಿಗ್ರಹ ಬಿಡಿ ಅನ್ನುತ್ತಾರೆ, ನೀವು ವಿಗ್ರಹ ಬರೆಯದಿದ್ದರೆ ಮಾರ್ಕು ಕಳೆಯುತ್ತೀರಿ. ಯಾರ ಮಾತು ಕೇಳಲಿ?” ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಉತ್ತರವನ್ನು ನಗೆಯಲ್ಲಿ ತೇಲಿಸಿಬಿಟ್ಟೆನಾದರೂ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲಿ ಮನೆಯವರೆಗೂ ಬಂತು. ವಿಗ್ರಹ ಎಂಬ ಸಂಸ್ಕೃತ ಶಬ್ದಕ್ಕೆ ಮೂರ್ತಿ ಎಂಬ ಅರ್ಥವಿರುವಂತೆಯೇ ಬಿಡಿಸುವುದು, ಬೇರ್ಪಡಿಸುವುದು ಎಂಬ ಅರ್ಥವೂ ಇದೆ. ಕಲಹ, ಯುದ್ಧ ಎಂಬ ಅರ್ಥವೂ ಇದೆ. ನಮ್ಮ ಶಾಸನಗಳಲ್ಲಿ ಬರುವ ಸಂಧಿವಿಗ್ರಹಿ ಗುಡಿಯ ಅಧಿಕಾರಿಯಲ್ಲ, ರಾಜನ ಮೈತ್ರಿ ಯುದ್ಧಗಳ ವ್ಯವಹಾರವನ್ನು ನೋಡಿಕೊಳ್ಳುವವನು. ಈ ಮೂರು ಅರ್ಥಗಳೂ ಒಂದೇ ಎಡೆಯಲ್ಲಿ ಕೂಡಿಬಂದ ಪ್ರಸಂಗವೊಂದು ಕ್ರೈಸ್ತ ಮತದ ಸಮೀಪದ ಚರಿತ್ರೆಯಲ್ಲಿದೆ. ಅದು ನಡೆದದ್ದು ಜರ್ಮನಿಯ ಬಾರ್ಮೆನ್ ಎಂಬ ಊರಿನಲ್ಲಿ, ೧೯೩೪ನೆಯ ಇಸವಿ ಮೇ ತಿಂಗಳ ಕೊನೆಯ ಮೂರು ದಿನ.

ಮೊದಲು ಒಂದು ಮಾತು. ಬೈಬಲಿನ ವಿಗ್ರಹನಿಷೇಧವನ್ನು ಕೇಳಿದಾಗ ನಮ್ಮಲ್ಲಿ ಹಲವರು ಅದು ನಮ್ಮ ಗುಡಿಯ ಮೂರ್ತಿಯನ್ನು ಕುರಿತ ನಿಂದೆಯೆಂದೇ ತಿಳಿಯುತ್ತಾರೆ. ಹಿಂದೆ ಬಂದ ಕೆಲವು ಮಿಷನರಿಗಳು ಅದನ್ನು ಹಾಗೆ ಬಳಸಿದ್ದೂ ಉಂಟು, ಮರೆಮಾಚಬೇಕಾದ ಸಂಗತಿಯಲ್ಲ. ಆದರೆ ಆ ಮತದ ದೊಡ್ಡ ವಿಚಾರವಂತರು ಈ ಮಾತನ್ನು ತಮ್ಮ ಕಡೆಗೂ ತಿರುಗಿಸಿಕೊಂಡಿದ್ದಾರೆ. ಮಾರ್ಟಿನ್ ಲೂಥರ್ ೧೫೨೯ರಲ್ಲಿ ಬರೆದ ಪ್ರಶ್ನೋತ್ತರ ಬೋಧೆಯಲ್ಲಿ, ಮನುಷ್ಯನ ಹೃದಯ ಯಾವುದಕ್ಕೆ ಅಂಟಿಕೊಂಡು ಯಾವುದನ್ನು ನಂಬುತ್ತದೆಯೋ ಅದೇ ಅವನ ನಿಜವಾದ ದೇವರು ಎಂಬ ಅರ್ಥದ ಮಾತು ಬರುತ್ತದೆ. ಮನುಷ್ಯನ ಬುದ್ಧಿಯೇ ಬಿಡುವಿಲ್ಲದೆ ವಿಗ್ರಹಗಳನ್ನು ಕಡೆಯುವ ಕಾರ್ಖಾನೆ ಎಂದು ಕಾಲ್ವಿನ್ ಹೇಳಿದರು. ಹಣ, ಹೆಸರು, ಅಧಿಕಾರ ಇವುಗಳನ್ನು ವಿಗ್ರಹವೆಂದು ಕರೆದು ಉಪದೇಶ ಮಾಡುವುದು ಸುಲಭ. ಕೇಳುವವರೂ ತಲೆದೂಗುತ್ತಾರೆ, ಮನೆಗೆ ಹೋಗುತ್ತಾರೆ. ಕಷ್ಟವಾಗುವುದು ದೇವರ ಎದುರಿಗೆ ನಿಂತ ವಿಗ್ರಹವನ್ನು ಗುರುತಿಸುವುದಲ್ಲ. ದೇವರ ಪಕ್ಕದಲ್ಲಿ, ಅದೇ ಪೀಠದ ಮೇಲೆ, ಅದೇ ಹಾರವನ್ನು ಹಾಕಿಕೊಂಡು ಕುಳಿತ ವಿಗ್ರಹವನ್ನು ಗುರುತಿಸುವುದು. ಜರ್ಮನಿಯಲ್ಲಿ ಆದದ್ದು ಇದು.

೧೯೧೮ರ ಸೋಲಿನೊಂದಿಗೆ ಆ ದೇಶದ ಪ್ರಾಟೆಸ್ಟಂಟ್ ಸಭೆಗಳು ತಮ್ಮ ಒಡೆಯನನ್ನೇ ಕಳೆದುಕೊಂಡಿದ್ದವು. ಪ್ರಷ್ಯದ ರಾಜನೇ ಅಲ್ಲಿನ ಸಭೆಗೆ ಮುಖ್ಯಸ್ಥ. ಸಿಂಹಾಸನ ಹೋದ ಮೇಲೆ ಸಭೆಗೆ ಆಸರೆಯೂ ಹೋದಂತಾಯಿತು. ವರ್ಸೇಲ್ಸ್ ಒಪ್ಪಂದದ ಅವಮಾನ, ಹಣದ ಬೆಲೆ ಬಿದ್ದುಹೋದ ಸಂಕಟ, ೧೯೩೨ರ ಹೊತ್ತಿಗೆ ಸುಮಾರು ಅರವತ್ತು ಲಕ್ಷ ಜನ ನಿರುದ್ಯೋಗಿಗಳು. ಭಾನುವಾರದ ಆರಾಧನೆಗೆ ಬರುವವರ ಸಂಖ್ಯೆಯೂ ಇಳಿಮುಖ. ಇಂಥ ಸಮಯದಲ್ಲಿ, ೧೯೩೩ರ ಜನವರಿ ೩೦ರಂದು ಹಿಟ್ಲರ್ ಪ್ರಧಾನಿಯಾದ. ದೇಶ ಎದ್ದು ನಿಂತಿತು ಎಂಬ ಭಾವನೆ ಮನೆಮನೆಯಲ್ಲಿ ಹಬ್ಬಿತು. ಬಿಟ್ಟುಹೋಗಿದ್ದವರು ಸಭೆಗೆ ಮರಳಿ ಬಂದರು. ಕಂದು ಸಮವಸ್ತ್ರದ ತರುಣರು ಸಾಲಾಗಿ ಚರ್ಚಿಗೆ ಬಂದು ಸಾಮೂಹಿಕವಾಗಿ ಮದುವೆಯಾದರು. ಬರಿದಾಗಿದ್ದ ಬೆಂಚುಗಳು ತುಂಬಿದುದನ್ನು ಕಂಡ ಸಭಾಪಾಲಕನಿಗೆ ಇದು ದೇವರ ಕೃಪೆಯಲ್ಲದೆ ಮತ್ತೇನು ಎನ್ನಿಸಿದ್ದರೆ ಅವನನ್ನು ಮೂರ್ಖನೆಂದು ನಾವು ಇಷ್ಟು ದೂರದಲ್ಲಿ ಕುಳಿತು ಜರೆಯುವುದು ಸಲ್ಲದು.

ಈ ಭಾವನೆಗೆ ಬಾಯಿ ಕೊಟ್ಟವರು ೧೯೩೨ರಲ್ಲಿ ಹುಟ್ಟಿದ ‘ಜರ್ಮನ್ ಕ್ರೈಸ್ತರು’ ಎಂಬ ಪಂಗಡದವರು. ದೇವರು ಬೈಬಲಿನಲ್ಲಿ ಮಾತನಾಡಿದ್ದಾನೆ. ನಮ್ಮ ಜನಾಂಗದ ರಕ್ತದಲ್ಲಿಯೂ ಮಾತನಾಡಿದ್ದಾನೆ. ಈ ನಾಯಕನ ಉದಯದಲ್ಲಿಯೂ ಮಾತನಾಡುತ್ತಿದ್ದಾನೆ. ಅವರ ವಾದದ ತಿರುಳು ಇಷ್ಟು. ೧೯೩೩ರ ಜುಲೈ ೨೩ರಂದು ದೇಶಾದ್ಯಂತ ಸಭೆಗಳ ಚುನಾವಣೆ ನಡೆಯಿತು. ಹಿಂದಿನ ಸಂಜೆ ಹಿಟ್ಲರನೇ ರೇಡಿಯೋದಲ್ಲಿ ಮಾತನಾಡಿ ಅವರ ಪರವಾಗಿ ನಿಂತ. ಭಾರಿ ಬಹುಮತದಿಂದ ಅವರು ಗೆದ್ದರು. ಸೆಪ್ಟೆಂಬರಿನಲ್ಲಿ ಪ್ರಷ್ಯದ ಮಹಾಸಭೆಗೆ ಅವರಲ್ಲಿ ಅನೇಕರು ಕಂದು ಅಂಗಿಯಲ್ಲೇ ಬಂದು ಕುಳಿತು, ಯೆಹೂದ್ಯ ಮೂಲದವರು ಸಭೆಯ ಹುದ್ದೆಗಳಲ್ಲಿ ಇರಕೂಡದೆಂಬ ‘ಆರ್ಯ ನಿಯಮ’ವನ್ನು ಅಂಗೀಕರಿಸಿದರು. ಅದೇ ತಿಂಗಳು ಲೂಥರನ ಊರಾದ ವಿಟೆನ್‌ಬರ್ಗಿನಲ್ಲಿ ಲುಡ್ವಿಗ್ ಮ್ಯುಲ್ಲರ್ ಎಂಬ ಸೈನ್ಯದ ಪಾದ್ರಿ ‘ರಾಷ್ಟ್ರ ಬಿಷಪ್’ ಆದರು.

ವ್ಯಾಕರಣದ ಮೇಷ್ಟರ ಚಪಲವನ್ನು ಓದುಗರು ಮನ್ನಿಸಬೇಕು. ‘ಜರ್ಮನ್ ಕ್ರೈಸ್ತ’ ಎಂಬುದು ಯಾವ ಸಮಾಸ? ಕರ್ಮಧಾರಯವಾದರೆ ಉತ್ತರಪದವೇ ಪ್ರಧಾನ: ಇವನು ಕ್ರೈಸ್ತ, ಹುಟ್ಟಿದ್ದು ಜರ್ಮನಿಯಲ್ಲಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಪಂಗಡದವರು ಅದನ್ನು ದ್ವಂದ್ವ ಸಮಾಸವಾಗಿ ಮಾಡಿದರು. ಕ್ರಿಸ್ತನೂ ಬೇಕು, ಜನಾಂಗವೂ ಬೇಕು, ಎರಡೂ ಪ್ರಧಾನ. ಕೆಲವೇ ತಿಂಗಳುಗಳಲ್ಲಿ ಪೂರ್ವಪದ ಉತ್ತರಪದವನ್ನು ನುಂಗಿತು. ಕಟ್ಟಕಡೆಗೆ ಅದು ಬಹುವ್ರೀಹಿಯಾಗಿ ಉಳಿಯಿತು. ಬಹುವ್ರೀಹಿಯಲ್ಲಿ ಕಾಣುವ ಎರಡು ಪದಗಳೂ ಪ್ರಧಾನವಲ್ಲ, ಅವುಗಳ ಹಿಂದೆ ಕಾಣದೆ ನಿಂತ ಮೂರನೆಯದು ಪ್ರಧಾನ. ಆ ಮೂರನೆಯವನು ಬರ್ಲಿನಿನಲ್ಲಿ ಕುಳಿತಿದ್ದ.

ಇದು ಬರಿಯ ಮಾತಿನ ಚಮತ್ಕಾರವೆನ್ನುವವರು ಬರ್ಲಿನಿನ ಮಾರಿಯೆನ್‌ಡಾರ್ಫ್ ಬಡಾವಣೆಯಲ್ಲಿರುವ ಲೂಥರ್ ಸ್ಮಾರಕ ಚರ್ಚಿನ ವಿಷಯವನ್ನು ಕೇಳಬೇಕು. ೧೯೩೩ರಿಂದ ೧೯೩೫ರವರೆಗೆ ಕಟ್ಟಿದ ಆ ಕಟ್ಟಡದೊಳಗೆ ದೀಕ್ಷಾಸ್ನಾನದ ತೊಟ್ಟಿಯ ಮೇಲೆ ಕಂದು ಪಡೆಯ ಆಳನ್ನು ಕೆತ್ತಿದ್ದಾರೆ. ಪ್ರಸಂಗಪೀಠದಲ್ಲಿ ಯೇಸುವಿನ ಮಾತನ್ನು ಕೇಳುವವರ ನಡುವೆ ಸೈನಿಕನೊಬ್ಬ ನಿಂತಿದ್ದಾನೆ. ವೇದಿಯ ಮುಂದಿನ ದೊಡ್ಡ ಕಮಾನನ್ನು ಸುಮಾರು ಎಂಟುನೂರು ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಕಟ್ಟಿದ್ದು, ಕ್ರೈಸ್ತ ಚಿಹ್ನೆಗಳ ಪಕ್ಕದಲ್ಲಿಯೇ ಹದ್ದು, ಸ್ವಸ್ತಿಕಗಳನ್ನು ಅಚ್ಚು ಹಾಕಿದ್ದರು. ಯುದ್ಧದ ತರುವಾಯ ಸ್ವಸ್ತಿಕಗಳನ್ನು ತೆಗೆದರು. ಉಳಿದವು ಉಳಿದಿವೆ. ಕಲ್ಲಿನಲ್ಲಿ ಕಂಡರಿಸಿದ ವಿಗ್ರಹ ಬೇಡವೆಂದ ಮತದವರು ಅದನ್ನೇ ಮಣ್ಣಿನಲ್ಲಿ ಸುಟ್ಟು ವೇದಿಯ ಮೇಲೆ ಏರಿಸಿದ್ದರು.

೧೯೩೩ರ ನವೆಂಬರಿನಲ್ಲಿ ಲೂಥರನ ೪೫೦ನೆಯ ಜನ್ಮೋತ್ಸವ. ಆ ತಿಂಗಳ ೧೩ರಂದು ಬರ್ಲಿನಿನ ಕ್ರೀಡಾಮಂದಿರದಲ್ಲಿ ಇಪ್ಪತ್ತು ಸಾವಿರ ಜನರ ಎದುರಿಗೆ ರೈನ್‌ಹೋಲ್ಡ್ ಕ್ರೌಸ ಎಂಬ ಮುಂದಾಳು ಭಾಷಣ ಮಾಡಿದ. ಹಳೆಯ ಒಡಂಬಡಿಕೆ ಯೆಹೂದ್ಯರ ಪುಸ್ತಕ, ಅದನ್ನು ತೆಗೆದುಹಾಕಬೇಕು. ಅಪೊಸ್ತಲ ಪೌಲನ ಪಾಪಪ್ರಾಯಶ್ಚಿತ್ತದ ಬೋಧೆ ಬೇಡ. ಬೇಕಾದದ್ದು ವೀರನಾದ ಯೇಸು ಮಾತ್ರ. ಜನ ಚಪ್ಪಾಳೆ ತಟ್ಟಿದರು. ಆದರೆ ಇದುವರೆಗೆ ಎರಡು ದೋಣಿಗಳಲ್ಲಿ ಕಾಲಿಟ್ಟಿದ್ದ ಎಷ್ಟೋ ಸಭಾಪಾಲಕರಿಗೆ ಅಂದು ಎಚ್ಚರವಾಯಿತು. ಪಂಗಡವನ್ನು ಬಿಟ್ಟು ಹೊರಬಂದವರು ಬಹಳ. ಬರ್ಲಿನಿನ ಡಾಲೆಮ್ ಸಭೆಯ ಪಾಲಕ ಮಾರ್ಟಿನ್ ನೀಮೊಲರ್ ಆ ಸೆಪ್ಟೆಂಬರಿನಲ್ಲಿ ಆರಂಭಿಸಿದ್ದ ಸಭಾಪಾಲಕರ ಆಪತ್ಕಾಲದ ಸಂಘಕ್ಕೆ ೧೯೩೪ರ ಆರಂಭದ ಹೊತ್ತಿಗೆ ಸುಮಾರು ಏಳು ಸಾವಿರ ಮಂದಿ ಸೇರಿದ್ದರು. ವಿಗ್ರಹವು ತನ್ನನ್ನು ತಾನೇ ತೋರಿಸಿಕೊಳ್ಳುವ ತಪ್ಪು ಮಾಡಿದಾಗ ಗುರುತು ಹಿಡಿಯುವುದು ಅಷ್ಟು ಕಷ್ಟವಲ್ಲ.

ಅದಕ್ಕೂ ಮೊದಲೇ ಗುರುತು ಹಿಡಿದವರು ಕಾರ್ಲ್ ಬಾರ್ಟ್. ೧೮೮೬ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದವರು; ಆಗ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಅವರ ಕಣ್ಣು ತೆರೆದದ್ದು ೧೯೧೪ರಲ್ಲಿ. ಕೈಸರನ ಯುದ್ಧವನ್ನು ಸಮರ್ಥಿಸಿ ತೊಂಬತ್ತಮೂರು ಮಂದಿ ಜರ್ಮನ್ ವಿದ್ವಾಂಸರು ಹೊರಡಿಸಿದ ಘೋಷಣೆಯಲ್ಲಿ ತಾವು ಪೂಜ್ಯರೆಂದು ಭಾವಿಸಿದ್ದ ಗುರುಗಳ ಹೆಸರುಗಳನ್ನೇ ಅವರು ಕಂಡರು. ಸಾಫೆನ್‌ವಿಲ್ ಎಂಬ ಸಣ್ಣ ಊರಿನ ಸಭಾಪಾಲಕನಾಗಿದ್ದ ಆ ತರುಣನಿಗೆ, ಈ ಗುರುಗಳಿಂದ ಕಲಿತ ದೈವಶಾಸ್ತ್ರದ ತಳಪಾಯದಲ್ಲೇ ಏನೋ ದೋಷವಿದೆ ಎನ್ನಿಸಿತು. ಅಲ್ಲಿಂದ ಮುಂದಿನ ಹತ್ತೊಂಬತ್ತು ವರ್ಷಗಳ ಚಿಂತನೆಯ ಫಲವನ್ನು ೧೯೩೩ರ ಮಾರ್ಚಿನಲ್ಲಿ, ಹಿಟ್ಲರ್ ಬಂದು ಆರು ವಾರವಾಗಿದ್ದಾಗ, ಡೆನ್ಮಾರ್ಕಿನಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಕಾಣಬಹುದು. ವಿಷಯ: ದಶಾಜ್ಞೆಗಳಲ್ಲಿ ಮೊದಲನೆಯದು. ಹಿಟ್ಲರನ ಹೆಸರನ್ನು ಅವರು ಎತ್ತಲಿಲ್ಲ. ಅವರು ಹಿಡಿದದ್ದು ‘ಮತ್ತು’ ಎಂಬ ಒಂದು ಪುಟ್ಟ ಮಾತನ್ನು. ದೇವರ ವಾಕ್ಯ ಮತ್ತು ವಿವೇಕ, ದೇವರ ವಾಕ್ಯ ಮತ್ತು ಸಂಸ್ಕೃತಿ, ದೇವರ ವಾಕ್ಯ ಮತ್ತು ಜನಾಂಗ — ಹೀಗೆ ಜೋಡಿಸುತ್ತ ಹೋದವರು, ಜೋಡಿಸಿದ ಎರಡನೆಯದನ್ನು ಮೊದಲನೆಯದರ ಅಳತೆಗೋಲಿನಿಂದ ಅಳೆಯದೆ, ಎರಡನೆಯದರಿಂದ ಮೊದಲನೆಯದನ್ನು ಅಳೆಯತೊಡಗಿದಾಗ, ಅನ್ಯದೇವರುಗಳು ಸದ್ದಿಲ್ಲದೆ ಒಳಗೆ ಬಂದಿರುತ್ತಾರೆ ಎಂಬುದು ಅವರ ವಾದ. ನಾವು ಕನ್ನಡಿಗರು ಇದನ್ನು ಇನ್ನೂ ಸಣ್ಣದಾಗಿ ಹೇಳಬಹುದು: ನಮ್ಮಲ್ಲಿ ‘ಮತ್ತು’ ಕೂಡ ಬೇಡ, ಪದದ ಬಾಲಕ್ಕೆ ಒಂದು ‘ಊ’ಕಾರ ಸಾಕು.

ಆ ಜೂನಿನಲ್ಲಿ ಅವರು ಒಂದು ಕಿರುಹೊತ್ತಗೆಯನ್ನು ಬರೆದರು. ಏನೂ ಆಗಿಲ್ಲವೆಂಬಂತೆ ನಾನು ಮೊದಲಿನ ಹಾಗೆ ದೈವಶಾಸ್ತ್ರದ ಪಾಠವನ್ನೇ ಮಾಡುತ್ತೇನೆ ಎಂಬ ಧಾಟಿಯ ಆ ಪುಸ್ತಕದ ಒಂದು ಪ್ರತಿಯನ್ನು ಹಿಟ್ಲರನಿಗೇ ಕಳುಹಿಸಿದರು. ಒಂದು ವರ್ಷದಲ್ಲಿ ಸರ್ಕಾರ ಅದನ್ನು ನಿಷೇಧಿಸುವ ಹೊತ್ತಿಗೆ ಮೂವತ್ತೇಳು ಸಾವಿರ ಪ್ರತಿಗಳು ಹೊರಬಿದ್ದಿದ್ದವು. ಬೀದಿಯಲ್ಲಿ ಡೋಲು ಬಡಿಯುತ್ತಿರುವಾಗ ‘ಏನೂ ಆಗಿಲ್ಲ’ ಎನ್ನುವುದು ಪಲಾಯನವೆಂದು ಕೆಲವರು ಆಕ್ಷೇಪಿಸಿದರು. ನನಗೆ ಹಾಗೆ ತೋರುವುದಿಲ್ಲ. ಎಲ್ಲವೂ ಬದಲಾಗಿಹೋಯಿತು ಎಂದು ಊರೆಲ್ಲ ಕೂಗುತ್ತಿದ್ದಾಗ, ಮುಖ್ಯವಾದದ್ದು ಯಾವುದೂ ಬದಲಾಗಿಲ್ಲ ಎನ್ನಲು ಗಟ್ಟಿ ಎದೆ ಬೇಕು.

೧೯೩೪ರ ಮೇ ತಿಂಗಳ ನಡುವೆ ಮೂವರು ಫ್ರಾಂಕ್‌ಫರ್ಟಿನ ಒಂದು ಹೋಟೆಲಿನಲ್ಲಿ ಸೇರಿದರು: ಬಾರ್ಟ್, ಮತ್ತು ಲೂಥರನ ಪಂಥದ ಹಾನ್ಸ್ ಆಸ್ಮುಸೆನ್, ಥಾಮಸ್ ಬ್ರೈಟ್. ಹೊಸ ಪಂಗಡವನ್ನು ಒಪ್ಪದ ಸಭೆಗಳೆಲ್ಲ ಬಾರ್ಮೆನ್ನಿನಲ್ಲಿ ಕೂಡಲಿದ್ದವು. ಅಲ್ಲಿ ಓದಬೇಕಾದ ಹೇಳಿಕೆಯ ಕರಡನ್ನು ಇವರು ಸಿದ್ಧಪಡಿಸಬೇಕಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ಇಬ್ಬರು ಲೂಥರನ್ನರೂ ಮೂರು ಗಂಟೆ ಹೊತ್ತು ಮಲಗಿ ನಿದ್ರೆ ಮಾಡಿದರಂತೆ; ಬಾರ್ಟ್ ಮಾತ್ರ ಗಟ್ಟಿ ಕಾಫಿ ಕುಡಿದು, ಒಂದೆರಡು ಬ್ರೆಜಿಲ್ ಚುಟ್ಟ ಸೇದಿ, ಅಷ್ಟರಲ್ಲಿ ಕರಡನ್ನು ಬರೆದು ಮುಗಿಸಿದರಂತೆ. ಲೂಥರನ ಸಭೆ ಮಲಗಿತ್ತು, ಕಾಲ್ವಿನನ ಸಭೆ ಎಚ್ಚರವಾಗಿತ್ತು ಎಂದು ಬಾರ್ಟ್ ಅವರೇ ಮುಂದೆ ನಗುತ್ತ ಹೇಳುತ್ತಿದ್ದರು. ಕಾಫಿಯ ಮಹಿಮೆಯನ್ನು ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ.

ಆ ಹೋಟೆಲಿನ ಹೆಸರು ‘ಬಾಸ್ಲರ್ ಹೋಫ್’ — ಬಾಸೆಲ್ ಮನೆ ಎಂದರ್ಥ. ಬಾಸೆಲ್ ಎಂದೊಡನೆ ಕನ್ನಡಿಗನ ಕಿವಿ ನಿಮಿರಲೇಬೇಕು. ಸರಿಯಾಗಿ ನೂರು ವರ್ಷ ಹಿಂದೆ, ೧೮೩೪ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಅದೇ ಬಾಸೆಲ್ ನಗರದ ಮಿಷನ್ನಿನಿಂದ ಹೊರಟು ಮಂಗಳೂರಿಗೆ ಬಂದಿದ್ದರು. ೧೮೪೩ರ ‘ಮಂಗಳೂರು ಸಮಾಚಾರ’ವೂ, ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟೂ ಆ ಮಿಷನ್ನಿನವರ ಕೈಯಿಂದ ನಮಗೆ ಬಂದವು. ಸ್ವಿಟ್ಸರ್ಲೆಂಡಿನ ಕಾಲ್ವಿನ್ ಪರಂಪರೆಯವರೂ ಜರ್ಮನಿಯ ಲೂಥರ್ ಪರಂಪರೆಯವರೂ ಒಂದೇ ಚಪ್ಪರದಡಿ ಕೆಲಸ ಮಾಡಿದ್ದು ಆ ಮಿಷನ್ನಿನ ವಿಶೇಷ. ಸ್ವಂತ ಊರಿನಲ್ಲಿ ಮಾತ್ರ ಈ ಎರಡು ಪರಂಪರೆಗಳು ನಾಲ್ಕುನೂರು ವರ್ಷ ಒಂದೇ ಬಾಯಿಂದ ಮಾತನಾಡಿರಲಿಲ್ಲ. ಬಾರ್ಮೆನ್ನಿನಲ್ಲಿ ಮಾತನಾಡಿದವು.

ಮೇ ೨೯ರಿಂದ ೩೧ರವರೆಗೆ ಬಾರ್ಮೆನ್ನಿನ ಗೆಮಾರ್ಕೆ ಚರ್ಚಿನಲ್ಲಿ ಸೇರಿದ ಪ್ರತಿನಿಧಿಗಳು ಸುಮಾರು ನೂರನಲವತ್ತು ಮಂದಿ. ಅವರಲ್ಲಿ ಒಬ್ಬರೇ ಒಬ್ಬ ಹೆಂಗಸು, ಸ್ಟೆಫನೀ ಫೊನ್ ಮಾಕೆನ್‌ಸೆನ್. ಹೇಳಿಕೆಯಲ್ಲಿ ಆರು ಸೂತ್ರಗಳಿದ್ದವು. ಪ್ರತಿಯೊಂದಕ್ಕೂ ಮೂರು ಭಾಗ: ಮೊದಲು ಬೈಬಲಿನ ವಾಕ್ಯ, ಅನಂತರ ‘ಇದನ್ನು ನಂಬುತ್ತೇವೆ’ ಎಂಬ ಮಾತು, ಕೊನೆಯಲ್ಲಿ ‘ಇದನ್ನು ತಳ್ಳಿಬಿಡುತ್ತೇವೆ’ ಎಂಬ ಮಾತು. ನಂಬಿಕೆಯನ್ನು ಹೇಳಿ ಸುಮ್ಮನಾಗುವುದು ವಾಡಿಕೆ. ಇಲ್ಲಿ ತಳ್ಳುವುದನ್ನೂ ಬಾಯಿಬಿಟ್ಟು ಹೇಳಿದ್ದರಿಂದಲೇ ಆ ಕಾಗದಕ್ಕೆ ಜೀವ ಬಂತು. ಬೈಬಲು ಸಾರುವ ಯೇಸು ಕ್ರಿಸ್ತನೊಬ್ಬನೇ ನಾವು ಕೇಳಿ, ನಂಬಿ, ವಿಧೇಯರಾಗಬೇಕಾದ ದೇವರ ವಾಕ್ಯ. ಅವನ ಪಕ್ಕದಲ್ಲಿ ಬೇರೆ ಘಟನೆ, ಶಕ್ತಿ, ವ್ಯಕ್ತಿ, ಸತ್ಯಗಳನ್ನು ದೇವರ ಪ್ರಕಟನೆಯೆಂದು ಸಭೆ ಸಾರಬಹುದೆಂಬ ಬೋಧೆಯನ್ನು ನಿರಾಕರಿಸುತ್ತೇವೆ — ಮೊದಲನೆಯ ಸೂತ್ರದ ಭಾವ ಇದು. ನಮ್ಮ ಬಾಳಿನಲ್ಲಿ ಕ್ರಿಸ್ತನಿಗೆ ಸೇರದೆ ಬೇರೆ ಒಡೆಯರಿಗೆ ಸೇರಿದ ಹೊಲವೊಂದು ಇದೆ ಎಂಬುದನ್ನು ಎರಡನೆಯದು ಅಲ್ಲಗಳೆಯಿತು. ಸಭೆಯೊಳಗೆ ವಿಶೇಷ ಅಧಿಕಾರದ ‘ನಾಯಕ’ ಬೇಡವೆಂದಿತು ನಾಲ್ಕನೆಯದು. ನ್ಯಾಯ ಶಾಂತಿಗಳನ್ನು ಕಾಯುವುದು ರಾಜ್ಯದ ಕೆಲಸ, ಮನುಷ್ಯನ ಇಡೀ ಬದುಕಿಗೆ ತಾನೇ ಏಕೈಕ ವ್ಯವಸ್ಥೆಯಾಗುವುದು ಅದರ ಕೆಲಸವಲ್ಲ ಎಂಬುದು ಐದನೆಯದು. ಸಮಾಸವನ್ನು ಬಿಡಿಸಿ ಇಟ್ಟಂತಾಯಿತು.

ಕೆಲವೇ ದಿನಗಳಲ್ಲಿ ಇದಕ್ಕೆ ವಿದ್ವಾಂಸರಿಂದಲೇ ಪ್ರತಿವಾದ ಬಂತು. ಆಲ್ಟ್‌ಹೌಸ್, ಎಲರ್ಟ್ ಎಂಬ ಹೆಸರಾಂತ ಲೂಥರನ್ ಪಂಡಿತರು ಸೇರಿ, ಕುಟುಂಬ, ಜನಾಂಗ, ರಕ್ತಸಂಬಂಧ ಇವೆಲ್ಲ ದೇವರೇ ವಿಧಿಸಿದ ಕಟ್ಟಳೆಗಳು, ಇಂಥ ನಾಯಕನನ್ನು ಕೊಟ್ಟದ್ದಕ್ಕೆ ಕೃತಜ್ಞರಾಗಿರಬೇಕು ಎಂದು ಬರೆದರು. ಓದು ಹೆಚ್ಚಿದಂತೆ ವಿಗ್ರಹವನ್ನು ಗುರುತಿಸುವ ಶಕ್ತಿಯೂ ಹೆಚ್ಚುತ್ತದೆಂಬ ಭ್ರಮೆ ನಮ್ಮಂಥ ಮೇಷ್ಟರುಗಳಿಗೆ ಇರಬಾರದು.

ಇಂದು ಬಾರ್ಮೆನ್ನಿನ ಅಂಗಡಿಬೀದಿಯಲ್ಲಿ ೧೯೮೪ರಲ್ಲಿ ನಿಲ್ಲಿಸಿದ ಒಂದು ಚಿಕ್ಕ ಕಂಚಿನ ಶಿಲ್ಪವಿದೆ. ಕೈಯೆತ್ತಿ ಜಯಕಾರ ಮಾಡುವ ದೊಡ್ಡ ಗುಂಪು ಒಂದು ಕಡೆಗೆ; ಅದಕ್ಕೆ ಬೆನ್ನು ತಿರುಗಿಸಿ ನಿಂತ ಕೆಲವೇ ಜನ ಇನ್ನೊಂದು ಕಡೆಗೆ.

ಬೆನ್ನು ತಿರುಗಿಸುವುದು ಎಂದರೇನೆಂದು ಮುಂದಿನ ವರ್ಷಗಳು ತೋರಿಸಿಕೊಟ್ಟವು. ಕನ್ನಡ ಕ್ರೈಸ್ತರು ವಿಶ್ವಾಸವನ್ನು ಬಹಿರಂಗವಾಗಿ ಹೇಳಿಕೊಳ್ಳುವುದಕ್ಕೆ ‘ಅರಿಕೆ’ ಎನ್ನುತ್ತಾರೆ. ಪಾಪವನ್ನು ಒಪ್ಪಿಕೊಳ್ಳುವುದಕ್ಕೂ ಅದೇ ಮಾತು. ಬಾರ್ಮೆನ್ನಿನವರ ಕೂಟಕ್ಕೆ ಬಂದ ಜರ್ಮನ್ ಹೆಸರನ್ನು ‘ಅರಿಕೆಯ ಸಭೆ’ ಎಂದು ಕನ್ನಡಿಸಬಹುದು. ಬಾರ್ಟ್ ತಮ್ಮ ತರಗತಿಯನ್ನು ಹಿಟ್ಲರನ ವಂದನೆಯಿಂದ ಆರಂಭಿಸಲಿಲ್ಲ. ಅವನಿಗೆ ನಿರ್ಬಂಧವಿಲ್ಲದ ಪ್ರತಿಜ್ಞೆಯನ್ನು ಮಾಡಲೊಪ್ಪಲಿಲ್ಲ. ೧೯೩೪ರ ಕೊನೆಗೆ ಅವರನ್ನು ಕೆಲಸದಿಂದ ನಿಲ್ಲಿಸಿದರು. ೧೯೩೫ರಲ್ಲಿ ಅವರು ಬಾಸೆಲಿಗೆ ಮರಳಿದರು. ಅದೇ ವರ್ಷದ ಮಾರ್ಚಿನಲ್ಲಿ ಪ್ರಷ್ಯದ ಅರಿಕೆಯ ಸಭೆ, ಮೊದಲನೆಯ ಆಜ್ಞೆಯನ್ನೇ ಮುಂದಿಟ್ಟು, ರಕ್ತ ಮತ್ತು ಜನಾಂಗಗಳ ಆರಾಧನೆ ವಿಗ್ರಹಪೂಜೆಯೆಂದು ಸಾರುವ ಪತ್ರವನ್ನು ಎಲ್ಲ ಚರ್ಚುಗಳಲ್ಲಿ ಓದಬೇಕೆಂದು ಗೊತ್ತುಮಾಡಿತು. ಪೊಲೀಸರು ೭೧೫ ಸಭಾಪಾಲಕರನ್ನು ಬಂಧಿಸಿದರು. ಎರಡು ವರ್ಷಗಳ ಮೇಲೆ, ೧೯೩೭ರ ಮಾರ್ಚಿನಲ್ಲಿ, ಪೋಪ್ ಹನ್ನೊಂದನೆಯ ಪಿಯುಸರ ಪತ್ರ ಜರ್ಮನಿಯ ಕೆಥೋಲಿಕ್ ಚರ್ಚುಗಳಲ್ಲಿ ಗರಿಗಳ ಭಾನುವಾರದಂದು ಓದಲ್ಪಟ್ಟಿತು. ವಾಡಿಕೆಯ ಲ್ಯಾಟಿನನ್ನು ಬಿಟ್ಟು ಜರ್ಮನ್ ಭಾಷೆಯಲ್ಲಿಯೇ ಬರೆದು, ಗುಟ್ಟಾಗಿ ದೇಶದೊಳಕ್ಕೆ ಸಾಗಿಸಿ, ಗುಟ್ಟಾಗಿ ಅಚ್ಚುಹಾಕಿದ ಪತ್ರ ಅದು. ಜನಾಂಗವನ್ನೂ ರಾಜ್ಯವನ್ನೂ ದೇವರ ಮಟ್ಟಕ್ಕೆ ಏರಿಸುವುದು ವಿಗ್ರಹಾರಾಧನೆಯೆಂದು ಅದೂ ಹೇಳಿತು.

ಇವೆಲ್ಲ ದೊಡ್ಡ ಸಭೆಗಳ ಮಾತು. ೧೯೩೮ರ ಏಪ್ರಿಲ್ ೨೦, ಹಿಟ್ಲರನ ಹುಟ್ಟುಹಬ್ಬದ ದಿನ, ನಡೆದ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಷಯ ಇನ್ನೂ ಹತ್ತಿರಕ್ಕೆ ಬರುತ್ತದೆ. ಅಂದು ಸಭೆಯ ಆಡಳಿತದ ಮುಖ್ಯಸ್ಥ ವೆರ್ನರ್, ಎಲ್ಲ ಸಭಾಪಾಲಕರೂ ನಾಯಕನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆ ಹೊರಡಿಸಿದ. ಜೈಲಿಗೆ ಹೆದರದಿದ್ದ ಅರಿಕೆಯ ಸಭೆಯವರು ಕೂಡ ಚರ್ಚಿಸಿದರು, ಷರತ್ತು ಹಾಕಿದರು, ಕಡೆಗೆ ಬಹುಮಂದಿ ಪ್ರಮಾಣ ಮಾಡಿಬಿಟ್ಟರು. ಆ ಬೇಸಗೆಯಲ್ಲೇ ಬೋರ್ಮನ್ನನ ಒಂದು ಪತ್ರ ಬೆಳಕಿಗೆ ಬಂತು: ಈ ಪ್ರಮಾಣ ಸಭೆಯ ಒಳಗಿನ ವಿಷಯ, ಪಕ್ಷಕ್ಕೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ವಿಗ್ರಹ ನೈವೇದ್ಯವನ್ನು ಕೇಳಿಯೇ ಇರಲಿಲ್ಲ.

ಅದೇ ದಿನ ಬುಕೆನ್‌ವಾಲ್ಡ್ ಬಂದಿಶಿಬಿರದಲ್ಲಿ ಸ್ವಸ್ತಿಕ ಧ್ವಜಕ್ಕೆ ಟೋಪಿ ತೆಗೆಯಿರಿ ಎಂದು ಕೈದಿಗಳಿಗೆ ಅಪ್ಪಣೆಯಾಯಿತು. ಡಿಕೆನ್‌ಶೀಡ್ ಎಂಬ ಹಳ್ಳಿಯ ಸಭಾಪಾಲಕ ಪೌಲ್ ಶ್ನೈಡರ್ ತೆಗೆಯಲಿಲ್ಲ. ಹೊಡೆದು ಒಂಟಿ ಕೋಣೆಗೆ ನೂಕಿದರು. ಆ ಕೋಣೆಯ ಕಿಟಕಿಯಿಂದ ಹಾಜರಿಗೆ ನಿಂತ ಕೈದಿಗಳಿಗೆ ಕೇಳಿಸುವಂತೆ ಅವರು ಬೈಬಲಿನ ಮಾತುಗಳನ್ನು ಕೂಗಿ ಹೇಳುತ್ತಿದ್ದರು; ಪ್ರತಿ ಸಲವೂ ಪೆಟ್ಟು ಬೀಳುತ್ತಿತ್ತು. ೧೯೩೯ರ ಜುಲೈ ೧೮ರಂದು ಅಲ್ಲಿಯೇ ಸತ್ತರು. ಟೋಪಿಯ ಮಾತು ಅಲ್ಪ ಎನ್ನಿಸಬಹುದು. ಇಬ್ಬರ ಮುಂದೆಯೂ ಇದ್ದ ಪ್ರಶ್ನೆ ಒಂದೇ ಆಗಿತ್ತು, ಅಷ್ಟೇ.

ಇತ್ತ ಎದುರು ಪಕ್ಷದವರು ಬಹುದೂರ ಹೋಗಿದ್ದರು. ೧೯೩೯ರ ಮೇ ತಿಂಗಳಲ್ಲಿ, ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ನುಡಿಗೆ ತಂದ ವಾರ್ಟ್‌ಬುರ್ಗ್ ಕೋಟೆಯಲ್ಲಿಯೇ, ಸಭೆಯ ಬಾಳಿನಿಂದ ಯೆಹೂದ್ಯ ಪ್ರಭಾವವನ್ನು ಅಳಿಸುವುದಕ್ಕೆಂದು ಒಂದು ಸಂಶೋಧನ ಸಂಸ್ಥೆ ಉದ್ಘಾಟನೆಯಾಯಿತು. ಅದರ ಪ್ರಮುಖ ವಾಲ್ಟರ್ ಗ್ರುಂಡ್‌ಮನ್, ಯೇಸು ಯೆಹೂದ್ಯನೇ ಅಲ್ಲವೆಂದು ಗ್ರಂಥ ಬರೆದ. ಹೊಸ ಗೀತಪುಸ್ತಕದಿಂದ ಹೀಬ್ರೂ ಮಾತುಗಳನ್ನು ಹೆಕ್ಕಿ ತೆಗೆದರು: ‘ಹಲ್ಲೆಲೂಯ’ ಹೋಯಿತು, ‘ಸೀಯೋನ್’ ಹೋಯಿತು. ನಮ್ಮ ಮಂಗಳೂರು ಧಾರವಾಡಗಳ ಕನ್ನಡ ಕ್ರೈಸ್ತರು ಅದೇ ಮಾತುಗಳನ್ನು ಅಂದೂ ಹಾಡುತ್ತಿದ್ದರು, ಇಂದೂ ಹಾಡುತ್ತಾರೆ. ಭಾಷೆಯ ಮಡಿ ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ಇದೊಂದು ಉದಾಹರಣೆ.

ಇಷ್ಟಕ್ಕೇ ನಿಲ್ಲಿಸಿದರೆ ಒಳ್ಳೆಯವರು ಒಂದು ಕಡೆ, ಕೆಟ್ಟವರು ಒಂದು ಕಡೆ ಆಗಿ ಕಥೆ ಚೆನ್ನಾಗಿರುತ್ತದೆ. ಆದರೆ ಬಾರ್ಮೆನ್ನಿನ ಆರು ಸೂತ್ರಗಳನ್ನು ಎಷ್ಟು ಸಲ ಓದಿದರೂ ಅಲ್ಲಿ ಸಿಗದ ಒಂದು ಮಾತಿದೆ: ಯೆಹೂದ್ಯರು. ಅವರ ಅಂಗಡಿಗಳನ್ನು ಬಹಿಷ್ಕರಿಸಿ ವರ್ಷ ಕಳೆದಿತ್ತು, ಸರ್ಕಾರಿ ನೌಕರಿಗಳಿಂದ ತಳ್ಳಿಯಾಗಿತ್ತು. ಸಭೆ ತನ್ನ ಸ್ವಾತಂತ್ರ್ಯಕ್ಕಾಗಿ ಹೋರಾಡಿತು; ಬೀದಿಯಲ್ಲಿ ಬಿದ್ದವನ ಮಾತನ್ನು ಎತ್ತಲಿಲ್ಲ. ನಾವು ಪ್ರಜೆಗಳಾಗಿ ಹೊಸ ರಾಜ್ಯವನ್ನು ಪ್ರತಿಭಟಿಸುತ್ತಿಲ್ಲವೆಂದು ಆಸ್ಮುಸೆನ್ ಆ ಸಭೆಯಲ್ಲೇ ವಿವರಿಸಿ ಹೇಳಿದರು. ನೀಮೊಲರ್ ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಯ ನಾಯಕರಾಗಿದ್ದವರು. ೧೯೩೩ರಲ್ಲಿ ಹಿಟ್ಲರನ ಪಕ್ಷಕ್ಕೇ ಮತ ಹಾಕಿದ್ದವರು. ೧೯೩೭ರಲ್ಲಿ ಸೆರೆಯಾಗಿ, ಯುದ್ಧ ಮುಗಿಯುವವರೆಗೂ ಬಂದಿಶಿಬಿರಗಳಲ್ಲಿದ್ದರೂ, ೧೯೩೯ರಲ್ಲಿ ಯುದ್ಧ ಆರಂಭವಾದಾಗ ಶಿಬಿರದಿಂದಲೇ ನೌಕಾದಳದ ಸೇವೆಗೆ ಸಿದ್ಧನೆಂದು ಬರೆದುಕೊಟ್ಟರು. ಒಂದು ವಿಗ್ರಹವನ್ನು ಒಡೆದ ಕೈ ಇನ್ನೊಂದಕ್ಕೆ ಕೈಮುಗಿಯುತ್ತಲೇ ಇತ್ತು. ಯೆಹೂದ್ಯರನ್ನು ಕುರಿತ ಹಳೆಯ ತಾತ್ಸಾರ ತಮ್ಮಲ್ಲೂ ಇತ್ತೆಂದು ಅವರು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ೧೯೪೫ರ ಅಕ್ಟೋಬರಿನಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹೊರಟ ತಪ್ಪೊಪ್ಪಿಗೆಗೆ ಸಹಿ ಹಾಕಿದರು. ಆ ಒಪ್ಪಿಗೆಯಲ್ಲೂ ಯೆಹೂದ್ಯರ ಹೆಸರಿರಲಿಲ್ಲ. ೧೯೬೧ರಲ್ಲಿ ಹೊಸದಿಲ್ಲಿಯಲ್ಲಿ ಜಗತ್ತಿನ ಚರ್ಚುಗಳ ಮಹಾಸಮ್ಮೇಳನ ನಡೆದಾಗ ಅದರ ಅಧ್ಯಕ್ಷರಲ್ಲೊಬ್ಬರಾಗಿ ಆರಿಸಿಬಂದವರು ಇದೇ ನೀಮೊಲರ್.

ಹೆಚ್ಚು ದೂರ ಕಂಡ ಒಬ್ಬ ತರುಣನಿದ್ದ, ಡೀಟ್ರಿಕ್ ಬೋನ್‌ಹೋಫರ್. ಹಿಟ್ಲರ್ ಬಂದ ಎರಡನೆಯ ದಿನವೇ ರೇಡಿಯೋದಲ್ಲಿ, ಜನರು ತನ್ನನ್ನು ವಿಗ್ರಹವನ್ನಾಗಿ ಮಾಡಲು ಬಿಡುವ ನಾಯಕ ಜನರ ದಾರಿ ತಪ್ಪಿಸುವವನಾಗುತ್ತಾನೆ ಎಂದು ಹೇಳಹೊರಟ. ಮಾತು ಮುಗಿಯುವ ಮೊದಲೇ ಪ್ರಸಾರ ನಿಂತಿತು. ಸಭೆ ಯೆಹೂದ್ಯರ ಪರವಾಗಿ ನಿಲ್ಲಬೇಕೆಂದು ಆ ಏಪ್ರಿಲಿನಲ್ಲೇ ಬರೆದ. ಹಿಂಸೆಯಿಲ್ಲದೆ ಎದುರು ನಿಲ್ಲುವುದನ್ನು ಕಲಿಯಲು ಗಾಂಧೀಜಿಯವರ ಬಳಿಗೆ ಬರಬೇಕೆಂಬ ಆಸೆ ಅವನಿಗಿತ್ತು. ೧೯೩೪ರ ನವೆಂಬರಿನಲ್ಲಿ ಗಾಂಧೀಜಿ ಬರುವಂತೆ ಉತ್ತರವನ್ನೂ ಬರೆದರು. ಆದರೆ ಅರಿಕೆಯ ಸಭೆಯ ಪಾಠಶಾಲೆಯ ಹೊಣೆ ಹೆಗಲಿಗೆ ಬಿದ್ದು ಆ ಪ್ರಯಾಣ ನಡೆಯಲಿಲ್ಲ. ೧೯೪೫ರ ಏಪ್ರಿಲ್ ೯ರಂದು ಅವನನ್ನು ಗಲ್ಲಿಗೇರಿಸಿದರು.

ಅವನ ಜೀವನಚರಿತ್ರೆಯನ್ನು ಗೆಳೆಯ ಬೆಟ್‌ಗೆ ೧೯೬೭ರಲ್ಲಿ ಪ್ರಕಟಿಸಿದಾಗ ಬಾರ್ಟ್‌ಗೆ ಎಂಬತ್ತೊಂದು ವರ್ಷ. ಪುಸ್ತಕವನ್ನು ಓದಿ ಬರೆದ ಕಾಗದದಲ್ಲಿ, ಬಾರ್ಮೆನ್ನಿನ ಕರಡಿನಲ್ಲಿ ಯೆಹೂದ್ಯರ ವಿಷಯವನ್ನು ನಿರ್ಣಾಯಕವಾಗಿ ಎತ್ತದೆ ಹೋದುದು ತಮ್ಮ ತಪ್ಪೆಂದು ಬಹಳ ಕಾಲದಿಂದ ಅನ್ನಿಸಿದೆ ಎಂದು ಅವರು ಒಪ್ಪಿಕೊಂಡರು. ಎತ್ತಿದ್ದರೆ ಅಂದಿನ ಪ್ರತಿನಿಧಿಗಳು ಸಮ್ಮತಿಸುತ್ತಿರಲಿಲ್ಲ ಎಂಬ ಮಾತನ್ನೂ ಸೇರಿಸಿ, ಆದರೂ ಅದು ನೆಪವಾಗದು ಎಂದರು. ಮರುವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಅಂದು ಈ ಮಾತನ್ನು ಹೇಳಿದವರು ಯಾರೂ ಇರಲಿಲ್ಲವೆ? ಇದ್ದರು. ಬರ್ಲಿನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆ, ಜರ್ಮನ್, ಮತಬೋಧೆಗಳ ಉಪಾಧ್ಯಾಯಿನಿ, ಎಲಿಜಬೆತ್ ಶ್ಮಿಟ್ಸ್. ೧೯೩೫ರಲ್ಲಿ ಅವರು ಯೆಹೂದ್ಯರಿಗೆ ಮತ್ತು ಯೆಹೂದ್ಯ ಮೂಲದವರಿಗೆ ಆಗುತ್ತಿದ್ದ ಹಿಂಸೆಯನ್ನು ಒಂದೊಂದಾಗಿ ಬರೆದು, ಸಭೆ ಏಕೆ ಸುಮ್ಮನಿದೆ ಎಂದು ಕೇಳುವ ನಿವೇದನವೊಂದನ್ನು ಸಿದ್ಧಪಡಿಸಿದರು. ತಾವೇ ಸುಮಾರು ಇನ್ನೂರು ಪ್ರತಿಗಳನ್ನು ಮಾಡಿ ಅರಿಕೆಯ ಸಭೆಯ ಹಿರಿಯರಿಗೆ ಹಂಚಿದರು. ಹೆಸರು ಹಾಕಲಿಲ್ಲ. ಆ ವರ್ಷದ ಸಭೆ ಅದನ್ನು ಚರ್ಚೆಗೆ ತೆಗೆದುಕೊಳ್ಳಲಿಲ್ಲ. ೧೯೩೮ರ ನವೆಂಬರಿನಲ್ಲಿ ಯೆಹೂದ್ಯರ ದೇಗುಲಗಳನ್ನು ಸುಟ್ಟ ರಾತ್ರಿಯ ತರುವಾಯ, ಈ ರಾಜ್ಯ ಹೇಳಿದಂತೆ ಪಾಠ ಹೇಳಲಾರೆನೆಂದು ಅವರು ಕೆಲಸವನ್ನು ಬಿಟ್ಟರು; ಮನೆಯಲ್ಲಿ ಯೆಹೂದ್ಯರಿಗೆ ಆಸರೆ ಕೊಟ್ಟರು. ಯುದ್ಧ ಮುಗಿದ ಮೇಲೂ ತಾನೇ ಬರೆದವಳೆಂದು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಆ ನಿವೇದನ ಬೇರೊಬ್ಬ ಮಹಿಳೆಯದೆಂದು ಚರಿತ್ರಕಾರರು ದಶಕಗಳ ಕಾಲ ಬರೆದುಕೊಂಡು ಬಂದರು. ೧೯೭೭ರಲ್ಲಿ ಹಾನೌ ಎಂಬ ತಮ್ಮ ಹುಟ್ಟೂರಿನಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದವರು ಏಳು ಜನ. ಬರೆದವರು ಅವರೇ ಎಂಬುದು ೧೯೯೯ರಲ್ಲಿ ಪ್ರಕಟವಾಯಿತು. ೨೦೦೪ರಲ್ಲಿ ಹಾನೌವಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಒಂದು ಹಳೆಯ ಕೈಚೀಲ ಸಿಕ್ಕಿತು. ಅದರೊಳಗೆ, ಅವರ ಕೈಬರಹದಲ್ಲಿ, ಆ ನಿವೇದನದ ಕರಡು ಇತ್ತು.